ಮಗುವಿನ ಮನೆ ಯಾವ ಜಿಲ್ಲೆಯದು? ವಿಳಾಸದ ತಕರಾರಿನಿಂದ ತಪ್ಪಿದ ಆರನೇ ತರಗತಿಯ ಸೀಟು ಮತ್ತು ಮೇಲ್ಮನವಿ

ಸೋದರಮಾವ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ನಮಸ್ಕಾರ. ಪ್ರವೇಶ ಪರೀಕ್ಷೆ ಬರೆದು ಆರನೇ ತರಗತಿಗೆ ಸೇರುವ ಒಂದು ಸರ್ಕಾರಿ ವಸತಿ ಶಾಲೆಯಲ್ಲಿ ನನ್ನ ಅಕ್ಕನ ಮಗಳಿಗೆ ಸೀಟು ದೊರೆತಿತ್ತು. ಕಳೆದ ವಾರ ದಾಖಲೆ ಪರಿಶೀಲನೆಯ ದಿನ ಅದನ್ನು ನಿರಾಕರಿಸಿದರು. ಶಾಲೆಯ ಹೆಸರನ್ನೂ ಜಿಲ್ಲೆಯನ್ನೂ ಬೇಕೆಂದೇ ಬರೆಯುತ್ತಿಲ್ಲ. ನಮಗೆ ಬೇಕಿರುವುದು ಸೀಟೇ ಹೊರತು ಜಗಳವಲ್ಲ.

ಅಕ್ಕ ಮತ್ತು ಭಾವ ದೊಡ್ಡಬಳ್ಳಾಪುರದಲ್ಲಿ ವಿದ್ಯುತ್ ಮಗ್ಗದ ಕೆಲಸದಲ್ಲಿದ್ದಾರೆ. ಎರಡನೆಯ ಮಗು ಹುಟ್ಟಿದಾಗ ದೊಡ್ಡವಳನ್ನು ನಮ್ಮ ತಾಯಿಯ ಬಳಿ ಬಿಟ್ಟುಹೋದರು. ಅಂದಿನಿಂದ ಅವಳು ನಮ್ಮ ಮನೆಯಲ್ಲೇ ಬೆಳೆದು, ಒಂದರಿಂದ ಐದನೇ ತರಗತಿಯವರೆಗೆ ನಮ್ಮೂರಿನ ಸರ್ಕಾರಿ ಶಾಲೆಯಲ್ಲೇ ಓದಿದಳು. ಅಕ್ಕನ ಪಡಿತರ ಚೀಟಿಯೂ ಮತದಾರರ ಪಟ್ಟಿಯ ಹೆಸರೂ ಭಾವನ ಹುಟ್ಟೂರಿನಲ್ಲಿವೆ. ಅದು ಇದೇ ತಾಲೂಕಿನ, ನಮ್ಮೂರಿನಿಂದ ಮೂರು ಕಿಲೋಮೀಟರ್ ದೂರದ ಹಳ್ಳಿ. ಆದರೆ ಗ್ಯಾಸ್ ಸಂಪರ್ಕಕ್ಕಾಗಿ ಭಾವ ತಮ್ಮ ಆಧಾರ್ ವಿಳಾಸವನ್ನು ನಾಲ್ಕು ವರ್ಷಗಳ ಹಿಂದೆಯೇ ದೊಡ್ಡಬಳ್ಳಾಪುರದ ಬಾಡಿಗೆ ಮನೆಗೆ ಬದಲಿಸಿದ್ದರು. ಹೀಗಾಗಿ ಅರ್ಜಿಯಲ್ಲಿ ಒಂದು ವಿಳಾಸ, ಪಡಿತರ ಚೀಟಿಯಲ್ಲಿ ಇನ್ನೊಂದು, ಆಧಾರ್‌ನಲ್ಲಿ ಮೂರನೆಯದು, ಅದೂ ಬೇರೆ ಜಿಲ್ಲೆಯದು.

ಪರಿಶೀಲನೆ ನಡೆಸಿದವರು, ತಂದೆ ತಾಯಿ ಹೊರ ಜಿಲ್ಲೆಯವರಾದ್ದರಿಂದ ಅಜ್ಜಿಯ ಮನೆಯ ವಿಳಾಸ ನಡೆಯುವುದಿಲ್ಲವೆಂದೂ ಕಾಯುವ ಪಟ್ಟಿಯ ಮುಂದಿನ ಮಗುವನ್ನು ಕರೆಯುತ್ತೇವೆಂದೂ ಬಾಯಿಮಾತಿನಲ್ಲಿ ಹೇಳಿ ಕಳುಹಿಸಿದರು. ಮೇಲ್ಮನವಿಯನ್ನು ಯಾರಿಗೆ, ಯಾವ ದಾಖಲೆಗಳೊಂದಿಗೆ ಸಲ್ಲಿಸಬೇಕೆಂದು ತಿಳಿದವರು ದಯವಿಟ್ಟು ತಿಳಿಸಬೇಕು.

ನಾಡಕಚೇರಿಯಲ್ಲಿ ಕೆಲಸ ಮಾಡಿದವನು, ಗುಬ್ಬಿ

ಮೊದಲು ಹಿಂಬರಹ (ಅರ್ಜಿಗೆ ಕಚೇರಿ ಕೊಡುವ ಲಿಖಿತ ಉತ್ತರ) ಪಡೆಯಿರಿ, ಉಳಿದದ್ದೆಲ್ಲ ಆಮೇಲೆ. ಬಾಯಿಮಾತಿನ ನಿರಾಕರಣೆಯ ಮೇಲೆ ಯಾವ ಮೇಲಧಿಕಾರಿಯೂ ಆದೇಶ ಮಾಡಲಾರರು, ಏಕೆಂದರೆ ಅವರ ಮುಂದೆ ರದ್ದುಪಡಿಸಲು ಏನೂ ಇರುವುದಿಲ್ಲ. "ನನ್ನ ಮಗಳ ಪ್ರವೇಶವನ್ನು ಯಾವ ಕಾರಣಕ್ಕೆ, ಯಾವ ನಿಯಮದ ಅಡಿಯಲ್ಲಿ ನಿರಾಕರಿಸಲಾಗಿದೆ ಎಂಬುದನ್ನು ಲಿಖಿತವಾಗಿ ತಿಳಿಸಬೇಕು" ಎಂದು ನಿಮ್ಮ ಅಕ್ಕ ಒಂದೇ ಪುಟದ ಅರ್ಜಿ ಬರೆದು, ಎರಡನೆಯ ಪ್ರತಿಗೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಲಿ. ಮೊಹರು ಹಾಕಲು ಒಪ್ಪದಿದ್ದರೆ ಅಲ್ಲಿ ವಾದ ಮಾಡದೆ ಅದೇ ದಿನ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ ರಸೀದಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ.

ಜೊತೆಗೆ ನಾಡಕಚೇರಿಯಲ್ಲಿ ವಾಸಸ್ಥಳ ದೃಢೀಕರಣ ಪತ್ರಕ್ಕೆ ಅರ್ಜಿ ಹಾಕಿ. ಗ್ರಾಮ ಲೆಕ್ಕಿಗರು (ಈಗ ಗ್ರಾಮ ಆಡಳಿತ ಅಧಿಕಾರಿ ಎನ್ನಬೇಕು, ನಾಲಿಗೆ ಇನ್ನೂ ಒಗ್ಗಿಲ್ಲ) ಸ್ಥಳಕ್ಕೆ ಬಂದು ನೆರೆಹೊರೆಯವರ ಹೇಳಿಕೆ ಪಡೆದು ಮಹಜರು ಬರೆದರೆ, ಬರೀ ಪ್ರಮಾಣ ಪತ್ರಕ್ಕಿಂತ ಆ ಮಹಜರಿನ ನಕಲಿಗೆ ಹೆಚ್ಚಿನ ತೂಕವಿರುತ್ತದೆ.

ನಿವೃತ್ತ ಮುಖ್ಯೋಪಾಧ್ಯಾಯ, ಮಧುಗಿರಿ

ನಾನು ಒಂದು ಕಹಿ ಪ್ರಶ್ನೆಯನ್ನು ಮೊದಲು ಕೇಳುತ್ತೇನೆ, ತಾವು ಬೇಸರಿಸಿಕೊಳ್ಳಬಾರದು. ಆ ಮಗು ನಿಜವಾಗಿಯೂ ನಿಮ್ಮ ಮನೆಯಲ್ಲಿ ಮಲಗಿ ಎದ್ದು ನಿಮ್ಮೂರಿನ ಶಾಲೆಗೆ ಹೋಗುತ್ತಿತ್ತೇ, ಇಲ್ಲವೇ ಹೆಸರು ಮಾತ್ರ ಹಾಜರಿ ಪುಸ್ತಕದಲ್ಲಿತ್ತೇ?

ಕೇಳಲು ಕಾರಣವಿದೆ. ಯಾವ ಶಾಲೆಯೆಂದು ತಾವು ಹೇಳಿಲ್ಲ, ಹೇಳುವುದೂ ಬೇಡ. ಇಂತಹ ಷರತ್ತುಗಳು ಬಹಳ ಸ್ಪಷ್ಟವಾಗಿ ಬರೆದಿರುವುದು ನವೋದಯ ವಿದ್ಯಾಲಯಗಳ ಮಾಹಿತಿ ಪುಸ್ತಿಕೆಯಲ್ಲಾದ್ದರಿಂದ ಅದನ್ನೇ ಮಾದರಿಯಾಗಿ ಇಟ್ಟುಕೊಳ್ಳೋಣ. ಅಲ್ಲಿ ಆರನೇ ತರಗತಿಗೆ ಗರಿಷ್ಠ 80 ಸೀಟು, ಕನಿಷ್ಠ ಶೇ. 75ರಷ್ಟು ಗ್ರಾಮೀಣ ಮಕ್ಕಳಿಗೆ ಮೀಸಲು. ಮಗು ಆ ಜಿಲ್ಲೆಯ ನಿವಾಸಿಯಾಗಿದ್ದು ಐದನೇ ತರಗತಿಯನ್ನು ಅದೇ ಜಿಲ್ಲೆಯಲ್ಲಿ ಓದುತ್ತಿರಬೇಕು. ಗ್ರಾಮೀಣ ಕೋಟಾ ಬೇಕೆಂದರೆ ಮೂರು, ನಾಲ್ಕು ಮತ್ತು ಐದನೇ ತರಗತಿಗಳ ಪೂರ್ಣ ಅವಧಿಯನ್ನು ಹಳ್ಳಿಯ ಶಾಲೆಯಲ್ಲೇ ಕಳೆದಿರಬೇಕು. ಆ ಮೂರು ವರ್ಷಗಳಲ್ಲಿ ಒಂದೇ ಒಂದು ದಿನ ಪಟ್ಟಣದ ಶಾಲೆಯಲ್ಲಿ ಓದಿದ್ದರೂ ಮಗು ನಗರದ ಲೆಕ್ಕಕ್ಕೆ ಸೇರುತ್ತದೆ. ನಿಯಮ ಇಷ್ಟು ಬಿಗಿಯಾಗಿರುವುದು ಸುಮ್ಮನೆ ಅಲ್ಲ. ನಾನು ಸೇವೆಯಲ್ಲಿದ್ದಾಗ, ಪಟ್ಟಣದಲ್ಲಿ ಕೋಚಿಂಗ್‌ಗೆ ಹೋಗುತ್ತಿದ್ದ ಮಕ್ಕಳ ಹೆಸರನ್ನು ನನ್ನ ಶಾಲೆಯ ದಾಖಲಾತಿ ಪುಸ್ತಕಕ್ಕೆ ಏರಿಸಿಕೊಡಿ ಎಂದು ಹಣ್ಣಿನ ಬುಟ್ಟಿ ಹಿಡಿದು ಬಂದವರಿದ್ದರು. ಅಂತಹ ಒಂದೊಂದು ಹೆಸರೂ ಹೊಲದಲ್ಲಿ ಕಳೆ ಕಿತ್ತು ಸಂಜೆ ಓದಿದ ಒಂದು ಮಗುವಿನ ಸೀಟನ್ನು ಕಿತ್ತುಕೊಳ್ಳುತ್ತದೆ. ಪರಿಶೀಲಿಸುವವರು ಅನುಮಾನದಿಂದ ನೋಡಿದರೆ ಅದನ್ನು ದ್ವೇಷವೆಂದು ಭಾವಿಸಬೇಡಿ.

ಸೋದರಮಾವ

ಮೇಷ್ಟ್ರೇ, ಕೇಳಿದ್ದು ಒಳ್ಳೆಯದೇ ಆಯಿತು. ಐದು ವರ್ಷವೂ ಅವಳು ನಮ್ಮ ಮನೆಯಿಂದಲೇ ಶಾಲೆಗೆ ಹೋಗಿದ್ದಾಳೆ. ಊರಿನ ಹಾಲಿನ ಡೇರಿಯಲ್ಲಿ ನಾನು ಕಾರ್ಯದರ್ಶಿ. ಬೆಳಿಗ್ಗೆ ಅಜ್ಜಿಯ ಜೊತೆ ಹಾಲಿನ ಕ್ಯಾನು ಹಿಡಿದು ಸಾಲಿನಲ್ಲಿ ನಿಲ್ಲುತ್ತಿದ್ದವಳು ಅವಳೇ. ಅಕ್ಕ ಭಾವ ತಿಂಗಳಿಗೆ ಎರಡು ಭಾನುವಾರ ಬಂದುಹೋಗುತ್ತಾರೆ. ಮುಚ್ಚಿಡಬಾರದೆಂದು ಹೇಳುತ್ತೇನೆ, ನಾಲ್ಕನೇ ತರಗತಿಯ ಬೇಸಿಗೆ ರಜೆಯಲ್ಲಿ ದೊಡ್ಡಬಳ್ಳಾಪುರದಲ್ಲೇ ಇದ್ದು ಅಲ್ಲಿ ಒಂದು ತಿಂಗಳು ಮನೆಪಾಠಕ್ಕೆ ಹೋಗಿದ್ದಳು. ಅದು ಅಡ್ಡಿಯಾಗುತ್ತದೆಯೇ?

ನಿವೃತ್ತ ಮುಖ್ಯೋಪಾಧ್ಯಾಯ, ಮಧುಗಿರಿ

ರಜೆಯ ಮನೆಪಾಠ ಶಾಲಾ ದಾಖಲಾತಿಯಲ್ಲ. ವರ್ಗಾವಣೆ ಪತ್ರ ಹೋಗಿಲ್ಲ, ಸ್ಯಾಟ್ಸ್ ಸಂಖ್ಯೆ (ಶಿಕ್ಷಣ ಇಲಾಖೆಯ ಗಣಕದಲ್ಲಿ ಪ್ರತಿ ವಿದ್ಯಾರ್ಥಿಗೂ ಇರುವ ಸಂಖ್ಯೆ) ಬೇರೆ ಶಾಲೆಗೆ ಬದಲಾಗಿಲ್ಲ ಎಂದ ಮೇಲೆ ಅದನ್ನು ನೀವಾಗಿ ಎತ್ತಬೇಕಿಲ್ಲ. ಅವರು ಕೇಳಿದರೆ ಮರೆಮಾಚಲೂಬೇಡಿ. ಈಗ ನಿಮ್ಮ ಪರವಾಗಿ ಮಾತನಾಡುತ್ತೇನೆ. ಇಲ್ಲಿಯ ಎಲ್ಲ ದಾಖಲೆಗಳನ್ನೂ ಎರಡು ರಾಶಿ ಮಾಡಿ: ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕುವ ಮೊದಲೇ ಹುಟ್ಟಿದ ದಾಖಲೆಗಳು ಒಂದು ಕಡೆ, ಸೀಟು ಸಿಕ್ಕ ಮೇಲೆ ಮಾಡಿಸಿದವು ಇನ್ನೊಂದು ಕಡೆ. ನಿಮ್ಮನ್ನು ಗೆಲ್ಲಿಸುವುದು ಮೊದಲನೆಯ ರಾಶಿ. ಒಂದನೇ ತರಗತಿಗೆ ಸೇರಿಸಿದ ದಿನದ ದಾಖಲಾತಿ ಪುಸ್ತಕದ ನಕಲು, ಅಂಗನವಾಡಿಯ ದಾಖಲೆ, ಐದು ವರ್ಷದ ಹಾಜರಿ, ಶಾಲೆಯಲ್ಲಿ ಆರೋಗ್ಯ ತಪಾಸಣೆ ನಡೆದಾಗ ಬರೆದುಕೊಂಡ ಕಾರ್ಡು, ಪೋಷಕರ ಸಭೆಯಲ್ಲಿ ಅಜ್ಜಿ ಹಾಕಿದ ಹೆಬ್ಬೆಟ್ಟು, ಇಂಥವನ್ನು ಆಗ ಯಾರೂ ಸೀಟಿಗಾಗಿ ಸೃಷ್ಟಿಸಿರುವುದಿಲ್ಲ. ಈಗಿನ ಮುಖ್ಯೋಪಾಧ್ಯಾಯರಿಂದ ವ್ಯಾಸಂಗ ದೃಢೀಕರಣ ಪತ್ರ ಪಡೆದು ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು ಹಾಕಿಸಿ.

ಪಾವಗಡದ ಗಡಿಯವನು

ಬಹುಪಾಲು ಆಂಧ್ರದ ನೆಲವೇ ಸುತ್ತುವರಿದಿರುವ ತಾಲೂಕು ನಮ್ಮದು. ದುಡಿಮೆಗೆ ಹಿಂದೂಪುರ, ಮನೆ ಕರ್ನಾಟಕ ಎನ್ನುವ ಕುಟುಂಬಗಳಿಗೆ ಈ ತಾಪತ್ರಯ ಹೊಸತಲ್ಲ. ನನ್ನ ಸಲಹೆ ಸರಳವಾಗಿದೆ: ನಿಮ್ಮ ಭಾವ ನಾಳೆಯೇ ಆಧಾರ್ ವಿಳಾಸವನ್ನು ಊರಿಗೆ ಬದಲಿಸಲಿ, ಶಾಸಕರಿಂದ ಒಂದು ಶಿಫಾರಸು ಪತ್ರ ತನ್ನಿ, ಎರಡನ್ನೂ ಒಯ್ದು ಕೊಡಿ. ನಿಯಮ ಓದುತ್ತ ಕುಳಿತರೆ ಸೀಟು ಬೇರೆಯವರ ಪಾಲಾಗುತ್ತದೆ.

ವಕೀಲೆ, ಚಿಕ್ಕಬಳ್ಳಾಪುರ

ಪಾವಗಡದ ಸಹೋದರರ ಕಾಳಜಿ ಅರ್ಥವಾಗುತ್ತದೆ, ಸಲಹೆಯನ್ನು ಮಾತ್ರ ದಯವಿಟ್ಟು ಪಾಲಿಸಬೇಡಿ. ಆಧಾರ್‌ನಲ್ಲಿ ಯಾವ ವಿವರವನ್ನು ಯಾವ ದಿನ ಪರಿಷ್ಕರಿಸಲಾಯಿತು ಎಂಬ ಇತಿಹಾಸ ಉಳಿದಿರುತ್ತದೆ. ನಿರಾಕರಣೆಯ ಮರುದಿನ ಬದಲಾದ ವಿಳಾಸವು ನಿಮ್ಮ ಉಳಿದ ಪ್ರಾಮಾಣಿಕ ದಾಖಲೆಗಳ ಮೇಲೂ ಅನುಮಾನ ಹುಟ್ಟಿಸುತ್ತದೆ. ಭಾವ ದೊಡ್ಡಬಳ್ಳಾಪುರದಲ್ಲಿ ದುಡಿಯುವುದು ನಿಜವಾದ್ದರಿಂದ ಅದನ್ನು ಒಪ್ಪಿಕೊಂಡೇ ವಾದ ಕಟ್ಟಬೇಕು.

ನಿಯಮದ ಪಠ್ಯವನ್ನು ಎದುರಿಗಿಟ್ಟುಕೊಂಡು ಪದ ಪದವಾಗಿ ಓದಿ. ಮೇಷ್ಟ್ರು ಮಾದರಿಯಾಗಿ ಹೇಳಿದ ನವೋದಯದ ಪುಸ್ತಿಕೆಯಲ್ಲಿ ಕೇಳಿರುವುದು ಪೋಷಕರ ವಾಸದ ಪುರಾವೆ. ತಂದೆಯದೇ ಆಗಬೇಕೆಂದು ಅಲ್ಲಿಲ್ಲ. ನಿಮ್ಮ ಶಾಲೆಯ ನಿಯಮದ ಪದವೂ ಹಾಗೆಯೇ ಇದ್ದರೆ, ತಾಯಿಯೂ ಪೋಷಕಿಯೇ. ಆಕೆಯ ಪಡಿತರ ಚೀಟಿ ಮತ್ತು ಮತದಾರರ ಗುರುತಿನ ಚೀಟಿ ಅದೇ ಜಿಲ್ಲೆಯವಾಗಿರುವಾಗ, ತಂದೆಯ ಆಧಾರ್ ಒಂದನ್ನೇ ಹಿಡಿದು ಇಡೀ ಕುಟುಂಬವನ್ನು ಹೊರ ಜಿಲ್ಲೆಗೆ ಸೇರಿಸಿದ್ದು ಹೇಗೆ ಎಂಬುದು ನಿಮ್ಮ ಮೊದಲ ಪ್ರಶ್ನೆಯಾಗಲಿ. ಎರಡನೆಯದಾಗಿ, 2016ರ ಆಧಾರ್ ಅಧಿನಿಯಮದ 9ನೇ ಕಲಮಿನ ಪ್ರಕಾರ ಆಧಾರ್ ಸಂಖ್ಯೆಯು ತನ್ನಷ್ಟಕ್ಕೆ ತಾನೇ ಪೌರತ್ವಕ್ಕಾಗಲಿ ಅಧಿವಾಸಕ್ಕಾಗಲಿ (ಅಂದರೆ ಕಾಯಂ ನೆಲೆಗೆ) ಪುರಾವೆಯಲ್ಲ. ಈ ಮಾತು ಎರಡೂ ಕಡೆ ಕೊಯ್ಯುತ್ತದೆಂಬುದನ್ನು ಮರೆಯಬೇಡಿ: ಊರಿನ ವಿಳಾಸವಿದ್ದ ಆಧಾರ್ ಕೂಡ ನಿಮ್ಮನ್ನು ಒಂದೇ ಏಟಿಗೆ ಗೆಲ್ಲಿಸುತ್ತಿರಲಿಲ್ಲ.

ಗುಬ್ಬಿಯವರು ಹೇಳಿದ ಹಿಂಬರಹದ ಮಹತ್ವ ಇನ್ನೂ ಒಂದಿದೆ. ಮೊಹಿಂದರ್ ಸಿಂಗ್ ಗಿಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1977ರಲ್ಲೇ ಹೇಳಿರುವಂತೆ, ಶಾಸನಬದ್ಧ ಅಧಿಕಾರಿಯ ಆದೇಶದ ಸಿಂಧುತ್ವವನ್ನು ಆ ಆದೇಶದಲ್ಲೇ ಬರೆದಿರುವ ಕಾರಣಗಳಿಂದ ಅಳೆಯಬೇಕು. ಆಮೇಲೆ ನ್ಯಾಯಾಲಯಕ್ಕೆ ಬಂದು ಪ್ರಮಾಣಪತ್ರದ (ಅಫಿಡವಿಟ್) ಮೂಲಕ ಹೊಸ ಕಾರಣಗಳನ್ನು ಸೇರಿಸುವಂತಿಲ್ಲ. ಈ ತತ್ತ್ವವನ್ನು ಇತರ ಆಡಳಿತಾತ್ಮಕ ಆದೇಶಗಳಿಗೂ ನ್ಯಾಯಾಲಯಗಳು ಅನ್ವಯಿಸುತ್ತ ಬಂದಿವೆ. ಆದ್ದರಿಂದ ಅವರು ಏನು ಬರೆದುಕೊಡುತ್ತಾರೋ ನಿಮ್ಮ ಮನವಿ ಅದಕ್ಕೇ ಉತ್ತರವಾಗಿರಲಿ, ಬಾಯಿಮಾತಿಗಲ್ಲ.

ಹೈಕೋರ್ಟಿನ ವಿಚಾರ. ಸಂವಿಧಾನದ 226ನೇ ವಿಧಿಯಡಿ ರಿಟ್ ಅರ್ಜಿ ಹಾಕಬಹುದು. ನಮ್ಮ ಈ ಭಾಗದ ಜಿಲ್ಲೆಗಳಿಗೆ ಬೆಂಗಳೂರಿನ ಪ್ರಧಾನ ಪೀಠವೇ. ಆದರೆ ರಿಟ್ ನ್ಯಾಯಾಲಯವು ಸಾಮಾನ್ಯವಾಗಿ ವಿವಾದಿತ ಸಂಗತಿಗಳ ವಿಚಾರಣೆಗೆ ಇಳಿಯುವುದಿಲ್ಲ. ಮಗು ಎಲ್ಲಿ ವಾಸವಿತ್ತು ಎಂಬುದು ಸಂಗತಿಯ ಪ್ರಶ್ನೆ. ನಿಮ್ಮ ದಾಖಲೆಗಳನ್ನು ಪರಿಗಣಿಸಿ ಇಂತಿಷ್ಟು ದಿನಗಳಲ್ಲಿ ಕಾರಣಸಹಿತ ಆದೇಶ ಮಾಡಿ ಎಂದು ಅದೇ ಅಧಿಕಾರಿಗೆ ಹಿಂತಿರುಗಿಸುವ ಸಾಧ್ಯತೆಯೇ ಹೆಚ್ಚು. ಹಾಗಾಗಿ ಮೊದಲು ಮನವಿ, ಅದು ವಿಫಲವಾದರೆ ಅಥವಾ ಉತ್ತರವೇ ಬಾರದಿದ್ದರೆ ರಿಟ್. ಅಷ್ಟರಲ್ಲಿ ಸೀಟನ್ನು ಬೇರೊಂದು ಮಗುವಿಗೆ ಕೊಟ್ಟಿದ್ದರೆ ಆ ಮಗುವನ್ನೂ ಪೋಷಕರ ಮೂಲಕ ಪ್ರತಿವಾದಿಯಾಗಿಸಬೇಕಾಗುತ್ತದೆ, ಮತ್ತು ಅದು ನೋಡಲು ಹಿತವಾದ ಮೊಕದ್ದಮೆಯಲ್ಲ. ಈ ಕಾರಣಕ್ಕಾಗಿಯೇ, ತೀರ್ಮಾನವಾಗುವವರೆಗೆ ಒಂದು ಸೀಟನ್ನು ಭರ್ತಿ ಮಾಡಬಾರದೆಂಬ ಕೋರಿಕೆಯನ್ನು ಇವತ್ತಿನ ಅರ್ಜಿಯಲ್ಲೇ ಸೇರಿಸಿ.

ಹಣದ ಚಿಂತೆ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದ 12ನೇ ಕಲಮಿನಡಿ ಮಹಿಳೆಯರಿಗೂ ಮಕ್ಕಳಿಗೂ ಉಚಿತ ಕಾನೂನು ನೆರವಿನ ಹಕ್ಕಿದೆ, ಆದಾಯದ ಮಿತಿ ಅವರಿಗೆ ಅಡ್ಡಬರುವುದಿಲ್ಲ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಗೆ ಅಕ್ಕನನ್ನು ಕರೆದುಕೊಂಡು ಹೋಗಿ.

ಚಿಂತಾಮಣಿಯ ತಂದೆ

ನಮ್ಮದು ಇದಕ್ಕಿಂತ ವಿಚಿತ್ರವಾದ ಕಥೆ. ಚಿಕ್ಕಬಳ್ಳಾಪುರ ಜಿಲ್ಲೆ ಕೋಲಾರದಿಂದ ಬೇರೆಯಾದದ್ದು 2007ರಲ್ಲಿ. ನನ್ನ ಮತದಾರರ ಗುರುತಿನ ಚೀಟಿಯೂ ಜಮೀನಿನ ಹಳೆಯ ಕಾಗದಗಳೂ ಅದಕ್ಕಿಂತ ಹಿಂದಿನವಾದ್ದರಿಂದ ಎಲ್ಲದರಲ್ಲೂ ಕೋಲಾರ ಜಿಲ್ಲೆ ಎಂದೇ ಇದೆ. ಹುಟ್ಟಿದ ಮನೆಯಿಂದ ಒಂದಡಿ ಕದಲದ ನನ್ನನ್ನು ಮಗನ ಪ್ರವೇಶದ ಸಮಯದಲ್ಲಿ ಹೊರ ಜಿಲ್ಲೆಯವನೆಂದರು. ತಹಶೀಲ್ದಾರರಿಂದ, ಈ ಗ್ರಾಮವು ಮೊದಲು ಕೋಲಾರ ಜಿಲ್ಲೆಯಲ್ಲಿದ್ದು ಈಗ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದೆ ಎಂದು ಒಂದು ಪುಟದ ಪತ್ರ ತಂದುಕೊಟ್ಟ ಮೇಲೆ ಮಾತು ಮುಗಿಯಿತು. ನಿಮ್ಮ ಪ್ರಶ್ನೆಗೆ ಇದು ನೇರ ಉತ್ತರವಲ್ಲ. ಪತ್ರಕ್ಕೆ ಪತ್ರವೇ ಮದ್ದು ಎಂಬುದಕ್ಕಾಗಿ ಬರೆದೆ.

ಶ್ರೀನಿವಾಸಪುರದ ತಾಯಿ

ಅಣ್ಣ, ಎಲ್ಲರೂ ಕಾಗದದ ಮಾತನ್ನೇ ಆಡುತ್ತಿದ್ದಾರೆ. ಮಗು ಈಗ ಎಲ್ಲಿದೆ? ಸೀಟು ಸಿಕ್ಕಿತೆಂದು ಹಳೆಯ ಶಾಲೆಯಿಂದ ಟಿ.ಸಿ. ತೆಗೆದುಕೊಂಡು, ಈ ತಕರಾರು ಮುಗಿಯಲಿ ಎಂದು ಮನೆಯಲ್ಲಿ ಕೂರಿಸಿದ್ದರೆ ದಯವಿಟ್ಟು ನಾಳೆಯೇ ಹತ್ತಿರದ ಹಿರಿಯ ಪ್ರಾಥಮಿಕ ಶಾಲೆಯ ಆರನೇ ತರಗತಿಗೆ ಕಳುಹಿಸಿ. ನಾವು ಹಾಗೆ ಮಾಡದೆ ಎರಡು ತಿಂಗಳು ಕಾದೆವು. ಓರಗೆಯ ಮಕ್ಕಳೆಲ್ಲ ಹೊಸ ಪುಸ್ತಕ ಹಿಡಿದು ಹೋಗುವಾಗ ನನ್ನ ಮಗ ಜಗಲಿಯ ಮೇಲೆ ಕುಳಿತು, ನಾನೇನು ತಪ್ಪು ಬರೆದೆನಮ್ಮ ಎಂದು ಕೇಳಿದ. ತಪ್ಪು ಬರೆದವರು ನಾವು, ಅರ್ಜಿಯ ಕಾಲಮ್ಮಿನಲ್ಲಿ.

ಸೋದರಮಾವ

ಶ್ರೀನಿವಾಸಪುರದ ಅಕ್ಕ, ನೀವು ಬರೆದದ್ದನ್ನು ಓದಿದ ಮರುದಿನವೇ ಅವಳನ್ನು ಶಾಲೆಗೆ ಕಳುಹಿಸಿದೆವು. ನಿಜವಾಗಿಯೂ ಹತ್ತು ದಿನ ಮನೆಯಲ್ಲೇ ಇದ್ದಳು.

ಹಿಂಬರಹ ಬಂದಿದೆ. ಮೊದಲು ಮೊಹರು ಹಾಕಲು ಒಪ್ಪಲಿಲ್ಲ. ಅಂಚೆಯಲ್ಲಿ ಕಳುಹಿಸಿದ ಎಂಟನೆಯ ದಿನ ಉತ್ತರ ಬಂತು. ಆಶ್ಚರ್ಯವೆಂದರೆ, ಹೊರ ಜಿಲ್ಲೆಯವರು ಎಂಬ ಮಾತೇ ಅದರಲ್ಲಿಲ್ಲ. "ಅರ್ಜಿಯಲ್ಲಿ ನಮೂದಿಸಿದ ವಿಳಾಸಕ್ಕೂ ಪೋಷಕರು ಹಾಜರುಪಡಿಸಿದ ದಾಖಲೆಗಳ ವಿಳಾಸಕ್ಕೂ ಹೊಂದಾಣಿಕೆ ಇಲ್ಲದ ಕಾರಣ ಪರಿಗಣಿಸಲಾಗಿಲ್ಲ" ಎಂದು ಮಾತ್ರ ಬರೆದಿದ್ದಾರೆ. ಅಜ್ಜಿಯ ಮನೆಯ ಬಗ್ಗೆಯೂ ಏನೂ ಇಲ್ಲ.

ವಕೀಲೆ, ಚಿಕ್ಕಬಳ್ಳಾಪುರ

ಇದು ನಿಮಗೆ ಅನುಕೂಲ. ಹೊಂದಾಣಿಕೆ ಇಲ್ಲದಿರುವುದು ಬೇರೆ, ಅರ್ಹತೆ ಇಲ್ಲದಿರುವುದು ಬೇರೆ. ಮನವಿಯನ್ನು ಅಕ್ಕನ ಹೆಸರಿನಲ್ಲೇ ಸಲ್ಲಿಸಿ. ಮೊದಲ ಪ್ಯಾರಾದಲ್ಲಿ ಮೂರು ವಿಳಾಸಗಳಿರುವುದನ್ನು ನೀವೇ ಹೇಳಿಬಿಡಿ, ಅವರು ಕಂಡುಹಿಡಿಯುವಂತೆ ಬಿಡಬೇಡಿ. ನಂತರ ಪ್ರತಿಯೊಂದು ಏಕೆ ಹಾಗಿದೆ ಎಂದು ಒಂದೊಂದು ವಾಕ್ಯದಲ್ಲಿ ವಿವರಿಸಿ: ಮಗು ವಾಸವಿದ್ದದ್ದು ಇಲ್ಲಿ, ತಾಯಿಯ ಹೆಸರು ದಾಖಲಾಗಿರುವುದು ಇದೇ ತಾಲೂಕಿನ ಪಕ್ಕದ ಹಳ್ಳಿಯಲ್ಲಿ, ತಂದೆ ದುಡಿಮೆಗಾಗಿ ಇರುವುದು ಅಲ್ಲಿ. ಮೇಷ್ಟ್ರು ಹೇಳಿದ ಮೊದಲ ರಾಶಿಯನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ, ಪುಟಸಂಖ್ಯೆ ಹಾಕಿ. ಮಹಜರು ಕೊನೆಗಿರಲಿ. ಒಂದು ಪ್ರತಿ ಶಾಲೆಗೆ, ಒಂದು ಅದರ ಮೇಲಿನ ಕಚೇರಿಗೆ. ಕೇಂದ್ರದ ಸಂಸ್ಥೆಯಾದರೆ ಸಿಪಿಗ್ರಾಮ್ಸ್ ಎಂಬ ಕೇಂದ್ರ ಸರ್ಕಾರದ ಕುಂದುಕೊರತೆ ಜಾಲತಾಣದಲ್ಲೂ ದೂರು ದಾಖಲಿಸಬಹುದು.

ಅದೇ ದಿನ ಮಾಹಿತಿ ಹಕ್ಕಿನ ಅರ್ಜಿಯನ್ನೂ ಹಾಕಿ. ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ನಿಮ್ಮ ಕಡತದ ಟಿಪ್ಪಣಿ ಹಾಳೆಗಳ ನಕಲು ಕೇಳಿ. ಉತ್ತರಕ್ಕೆ 30 ದಿನಗಳ ಅವಕಾಶವಿರುವುದರಿಂದ ಅದು ಪ್ರವೇಶದ ಋತುವಿಗೆ ಸಮಯಕ್ಕೆ ಸರಿಯಾಗಿ ಬಾರದಿರಬಹುದು, ಆದರೆ ರಿಟ್ ಹಾಕಬೇಕಾಗಿ ಬಂದರೆ ಅದೇ ನಿಮ್ಮ ಕೈಗೆ ಸಿಗುವ ಊರುಗೋಲು.

ಪಾವಗಡದ ಗಡಿಯವನು

ಆಧಾರ್ ವಿಚಾರದಲ್ಲಿ ನನ್ನ ಸಲಹೆಯನ್ನು ಹಿಂತೆಗೆದುಕೊಳ್ಳುತ್ತೇನೆ. ಶಿಫಾರಸು ಪತ್ರದ ವಿಚಾರದಲ್ಲಿ ಇಲ್ಲ. ನಮ್ಮ ಕಡೆ ಅದಿಲ್ಲದೆ ಕಡತ ಮೇಜಿನಿಂದ ಮೇಜಿಗೆ ಹೋಗುವುದನ್ನು ನಾನು ಕಂಡಿಲ್ಲ.

ನಿವೃತ್ತ ಮುಖ್ಯೋಪಾಧ್ಯಾಯ, ಮಧುಗಿರಿ

ಕಡತ ಓಡಬಹುದು ಸ್ವಾಮಿ. ಆದರೆ ಶಿಫಾರಸು ಪತ್ರವಿರುವ ಕಡತವನ್ನು ಓದುವವನು ಮೊದಲು ಆ ಪತ್ರವನ್ನು ನೋಡುತ್ತಾನೆ, ಐದು ವರ್ಷದ ಹಾಜರಿಯನ್ನು ಆಮೇಲೆ.

ಸೋದರಮಾವ

ಒಂದು ತಿಂಗಳ ನಂತರ ಬರೆಯುತ್ತಿದ್ದೇನೆ. ಮನವಿ ಸಲ್ಲಿಸಿದ ಮೂರನೆಯ ವಾರದಲ್ಲಿ ಮೂಲ ದಾಖಲೆಗಳೊಂದಿಗೆ ಬರುವಂತೆ ಅಕ್ಕನಿಗೆ ಪತ್ರ ಬಂತು. ನಮ್ಮೂರಿನ ಮುಖ್ಯೋಪಾಧ್ಯಾಯಿನಿಯವರು ದಾಖಲಾತಿ ಪುಸ್ತಕವನ್ನೇ ಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ನಮ್ಮೊಂದಿಗೆ ಬಂದರು. ಅಧಿಕಾರಿಗಳು ಹೆಚ್ಚು ಹೊತ್ತು ನೋಡಿದ್ದು ಮಹಜರನ್ನಲ್ಲ. ಒಂದನೇ ತರಗತಿಯ ದಾಖಲಾತಿಯ ಸಾಲನ್ನು. ಅದರಲ್ಲಿ ಪೋಷಕರ ಸಹಿಯ ಜಾಗದಲ್ಲಿ ಅಜ್ಜಿಯ ಹೆಬ್ಬೆಟ್ಟು, ವಿಳಾಸದ ಜಾಗದಲ್ಲಿ ನಮ್ಮೂರು, ಪಕ್ಕದಲ್ಲಿ ಐದು ವರ್ಷದ ಹಿಂದಿನ ದಿನಾಂಕ ಇದ್ದವು. ತಾಯಿಯ ಪಡಿತರ ಚೀಟಿಯನ್ನು ಪೋಷಕರ ವಾಸದ ಪುರಾವೆಯಾಗಿ ಸ್ವೀಕರಿಸಿದರು. ಕಾಯುವ ಪಟ್ಟಿಯ ಮಗುವನ್ನು ಇನ್ನೊಂದು ಖಾಲಿ ಸೀಟಿಗೆ ಮೊದಲೇ ಸೇರಿಸಿಕೊಂಡಿದ್ದರಿಂದ ಯಾರ ಸೀಟನ್ನೂ ಕಿತ್ತುಕೊಂಡಂತಾಗಲಿಲ್ಲ, ಅದೊಂದು ನೆಮ್ಮದಿ. ಮೊನ್ನೆ ಸೋಮವಾರ ಟ್ರಂಕು ಹೊತ್ತು ಬಿಟ್ಟುಬಂದೆವು. ರಿಟ್‌ನ ಅಗತ್ಯ ಬೀಳಲಿಲ್ಲ.

ಕೊನೆಯ ಒಂದು ಪ್ರಶ್ನೆ. ಮುಂದೆ ತೊಂದರೆಯಾಗದಿರಲೆಂದು ಭಾವ ಈಗ ಆಧಾರ್ ವಿಳಾಸವನ್ನು ಊರಿಗೆ ಬದಲಿಸಬಹುದೇ ಎಂದು ಕೇಳುತ್ತಿದ್ದಾರೆ.

ವಕೀಲೆ, ಚಿಕ್ಕಬಳ್ಳಾಪುರ

ಮಗುವಿಗೆ ಶುಭವಾಗಲಿ. ನಿಮ್ಮ ಭಾವ ಇನ್ನೂ ದೊಡ್ಡಬಳ್ಳಾಪುರದಲ್ಲೇ ಇದ್ದಾರಲ್ಲವೇ? ಹಾಗಾದರೆ ಅದು ಇದ್ದಂತೆಯೇ ಇರಲಿ. ಹಿಂಬರಹ, ಮನವಿಯ ಪ್ರತಿ, ಪ್ರವೇಶದ ಆದೇಶ, ಈ ಮೂರನ್ನೂ ಒಂದೇ ಕವರಿನಲ್ಲಿ ಅಕ್ಕನ ಬಳಿ ಇಟ್ಟಿರಿ. ಎರಡನೆಯ ಮಗುವಿಗೂ ಐದನೇ ತರಗತಿ ಬರುತ್ತದೆ.